ಡ್ರೈವರ್ ಇಲ್ಲದ ದಿನ

ಮೇ 6
ಮತ್ತೆ ಬಿಲ್ಡ್ ಫೇಲ್, ಸಾಫ್ಟ್‌ವೇರ್ ಕಟ್ಟಿಕೊಳ್ಳಲೇ ಇಲ್ಲ. ಟೆಸ್ಟಿಂಗ್ ಬಿಟ್ಟು ಈ ತಂಡಕ್ಕೆ ಬಂದ ಮೇಲೆ ದಿನವೂ ಇದೇ ಪಾಡು. ಅದನ್ನು ಕಟ್ಟಿಕೊಡುವ ಮೇವನ್‌ಗೆ ಏನೇನು ಬೇಕೆಂದು ಪಟ್ಟಿ ಕೊಡುವ ಪಾಮ್ ಫೈಲ್ ಕಂಡರೆ ಕೈಕಾಲೇ ಆಡುವುದಿಲ್ಲ. ಎರವಲು ತಂದ ಒಂದೊಂದು ಲೈಬ್ರರಿಗೂ ಅದು ಯಾವಾಗ ಬೇಕೆಂದು ಹೇಳುವ ಒಂದೊಂದು ಸ್ಕೋಪ್… ಯಾಕೆ, ಏನು? ತಂಡದ ಲೀಡ್ ಅಕ್ಕನನ್ನು ಕೇಳಿಯೇಬಿಟ್ಟೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

“ಊರಿಗೆ ಹೊರಟಿದ್ದೀಯ ಅಂತಿಟ್ಕೋ. ಕನ್ನಡಿ ನೋಡ್ಕೋತೀಯ, ಹೊತ್ಕೊಂಡು ಹೋಗಲ್ಲ. ಅದು ಟೆಸ್ಟ್. ನೆಂಟರ ಮನೇಲಿ ಹಾಸಿಗೆ ಇರುತ್ತೆ, ಅದು ಪ್ರೊವೈಡೆಡ್. ಮಾತ್ರೆ? ಚೀಲ ಕಟ್ಟೋವಾಗ ಉಪಯೋಗಕ್ಕಿಲ್ಲ, ಅಲ್ಲಿ ಹೋದ್ಮೇಲೆ ಬೇಕೇ ಬೇಕು. ರನ್‌ಟೈಮ್.”

“ಕಂಪೈಲ್?”

“ಉಟ್ಟ ಬಟ್ಟೆ ಕಣೇ. ಎಲ್ಲಾ ಕಡೆ ಬೇಕು.”

ಎಷ್ಟು ಸಲೀಸು! ಈ ಹೆಂಗಸಿನ ತಲೆಗೊಂದು ನಮಸ್ಕಾರ.

ಮೇ 9
ಡೇಟಾಬೇಸ್ ಜೊತೆ ಮಾತಾಡಿಸುವ ಲೈಬ್ರರಿಗೆ, ಅಂದರೆ ಡೇಟಾಬೇಸ್ ಡ್ರೈವರ್‌ಗೆ, ಪ್ರೊವೈಡೆಡ್ ಎಂದು ಬರೆದೆ. ಸರ್ವರ್‌ನಲ್ಲಿ ಇದ್ದೇ ಇದೆಯಲ್ಲ. ಟೆಸ್ಟ್ ಎಲ್ಲ ಪಾಸ್. ಅಕ್ಕನೂ ನೋಡಿ ಒಪ್ಪಿದರು. ಖುಷಿ.

ಮೇ 20, ಸಂಜೆ
ಆಂಬುಲೆನ್ಸ್ ಕಂಟ್ರೋಲ್ ರೂಮ್. ನಮ್ಮ ಸಾಫ್ಟ್‌ವೇರ್ ಹೊಸ ಸರ್ವರ್‌ನಲ್ಲಿ ಇವತ್ತು ಶುರುವಾಗಬೇಕಿತ್ತು. ಆಗಲಿಲ್ಲ. ಡ್ರೈವರ್ ಸಿಗುತ್ತಿಲ್ಲ ಎಂಬ ಎರರ್. ಫೋನ್ ಹಿಡಿದಿದ್ದ ಆಪರೇಟರ್ ಬಗ್ಗಿ ಓದಿ, “ಹೊರಗಡೆ ಕೂತಿದ್ದಾನಲ್ರೀ!” ಎಂದಳು. ನಗು ಬರಲಿಲ್ಲ. ಕರೆಗಳು ಬರುತ್ತಲೇ ಇದ್ದವು, ಪಾಪ, ಎಲ್ಲವನ್ನೂ ಕೈಯಲ್ಲಿ ಗೀಚಿಕೊಳ್ಳುತ್ತಿದ್ದಳು.

ನಮ್ಮ ಮ್ಯಾನೇಜರ್ ಕೆಂಡ. “ಯಾರ್ರೀ ಮಾಡಿದ್ದು?”

“ನೋಡಿ ಒಪ್ಪಿದ್ದು ನಾನು ಸರ್,” ಎಂದರು ಅಕ್ಕ. “ಬೈಯೋದು ಆಮೇಲಿರಲಿ. ಈಗ ಇವಳಿಗೆ ಸ್ವಲ್ಪ ಜಾಗ ಬಿಡಿ.”

ಅಕ್ಕ ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, “ಹಳೇ ಸರ್ವರ್‌ನಲ್ಲಿದ್ದದ್ದು ಇಲ್ಲೇನಿಲ್ಲ?”

ಹೊಳೆಯಿತು: ಹೊಸ ಸರ್ವರ್‌ನಲ್ಲಿ ಡ್ರೈವರ್ರೇ ಇಲ್ಲ, ಈ ನೆಂಟರ ಮನೆಯಲ್ಲಿ ಹಾಸಿಗೆಯಿಲ್ಲ. ಪ್ರೊವೈಡೆಡ್ ಅಳಿಸಿ ರನ್‌ಟೈಮ್ ಮಾಡಿದೆ. ಬಿಲ್ಡ್. ಡ್ರೈವರ್ ಈ ಸಲ ನಮ್ಮ ಪ್ಯಾಕೇಜಿನೊಳಗೇ ಸೇರಿಕೊಂಡು ಹೋಯಿತು. ಪರದೆ ತೆರೆದುಕೊಂಡಿತು. ಮೊದಲ ಕರೆ — ಯಾರಿಗೋ ಹೆರಿಗೆ ನೋವು. ಗಾಡಿ ಹೊರಟಿತು. ಆಗಲೇ ನಾನು ಉಸಿರು ಬಿಟ್ಟದ್ದು.

ಮೇ 21, ಊಟದ ಬಿಡುವು
ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ಅಕ್ಕನಿಗೆ ಸರಿಯಾಗಿಯೇ ಮಂಗಳಾರತಿ ಆಯಿತಂತೆ. ಮುಖದಲ್ಲಿ ಸುಳಿವೇ ಇಲ್ಲ. ನನಗೇ ತಡೆಯಲಾಗಲಿಲ್ಲ.

“ಒಂದೇ ಪದ ಅಕ್ಕ. ನೀವೇ ಸರಿ ಮಾಡಿಬಿಡಬಹುದಿತ್ತಲ್ಲ?”

“ಮಾಡಿದ್ರೆ ನೀನು ಆ ಫೈಲ್ ಕಂಡ್ರೆ ಜನ್ಮವಿಡೀ ಹೆದರ್ತಿದ್ದೆ.”

ಎಂಥ ಗಟ್ಟಿ ಜೀವ! ಇಷ್ಟು ದೊಡ್ಡ ಮನಸ್ಸು ನನಗೆಂದಾದರೂ…

ಕಂಟ್ರೋಲ್ ರೂಮಿನಿಂದ ಫೋನ್. ಅಕ್ಕ ಎತ್ತಿದರು. “ಅದನ್ನ ನೋಡ್ಕೊಳ್ಳೋದು ಇವಳೇ, ಕೊಡ್ತೀನಿ ಇರಿ” ಎನ್ನುತ್ತಿದ್ದಾರೆ. ನಾನಾ? ಫೋನ್ ನನ್ನತ್ತ ಚಾಚಿದ್ದಾರೆ, ಹೋಗಬೇ—