ಕಸದ ಗಾಡಿಯ ಹೊತ್ತು

ಸೋಮವಾರ, ಮಾರ್ಚ್ 9

ಇದೇ ಓಣಿಯಲ್ಲಿ ಆರು ವರ್ಷದಿಂದ ಇದ್ದೇನೆ. ಇವತ್ತು ಪಕ್ಕದ ಮನೆಯ ಜ್ಯಾನ್ ಅಜ್ಜಿ, "ಹೊಸದಾಗಿ ಬಾಡಿಗೆಗೆ ಬಂದಿದ್ದೀಯೇನಮ್ಮಾ?" ಎಂದು ಕೇಳಿಬಿಟ್ಟರು!

ತಪ್ಪು ಅವರದಲ್ಲ. ಸಂಜೆ ಹಾಡು ಹಾಕಿಕೊಂಡು ಕಸದ ಗಾಡಿ ಬರುವ ಹೊತ್ತಿಗೆ ನಾನು ತೈನಾನ್ ನಗರದ ಇನ್ನೊಂದು ತುದಿಯಲ್ಲಿ ಬಸ್ ಓಡಿಸುತ್ತಿರುತ್ತೇನೆ. ಮೂರು ವರ್ಷದ ಹಿಂದೆ ಮಗಳು ಹುಟ್ಟಿದಾಗ ಕೆಲಸ ಬಿಟ್ಟು ಮನೆ ವಹಿಸಿಕೊಂಡವನು ನನ್ನ ಗಂಡ ಬೋ-ಯುವಾನ್. ಕಸದ ಚೀಲ ಹಿಡಿದು ಮಹಡಿಯಿಂದ ಇಳಿಯುವವನೂ ಅವನೇ. ಇವತ್ತು ನನಗೆ ರಜೆ, ಅವನಿಗೆ ಸೊಂಟ ಹಿಡಿದಿತ್ತು. ನಾನೇ ಇಳಿದೆ.

ಬೋ-ಯುವಾನ್ ಹೆಂಡತಿ ಎಂದ ಮೇಲೆ ಗುರುತು ಸಿಕ್ಕಿತು. ಆದರೆ ಉಳಿದ ಅನ್ನವನ್ನೂ ಹಣ್ಣಿನ ಸಿಪ್ಪೆಯನ್ನೂ ಒಂದೇ ಬಕೆಟ್ಟಿನಲ್ಲಿ ತಂದಿದ್ದೆ.

"ಅಯ್ಯೋ, ಬೇಯಿಸಿದ್ದು ಹಂದಿಗೆ, ಸಿಪ್ಪೆ ಗೊಬ್ಬರಕ್ಕೆ! ಗಂಡ ಏನೂ ಹೇಳ್ಕೊಟ್ಟಿಲ್ವಾ?" ಎಂದು ಅಜ್ಜಿ ಗದರಿದರು. ಗಾಡಿಗೆ ಕಾಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಒಬ್ಬಳು ಅವನ ಸೊಂಟಕ್ಕೆಂದು ಶುಂಠಿ ಕೊಟ್ಟಳು. ಇನ್ನೊಬ್ಬಳು, "ನನ್ನ ಮೂಲಂಗಿ ಉಪ್ಪಿನಕಾಯಿ ಪದೇ ಪದೇ ಕೆಡ್ತಿದೆ, ಏನ್ಮಾಡ್ಲಿ ಅಂತ ಅವನನ್ನ ಕೇಳು" ಎಂದಳು.

ಮೇಲೆ ಬಂದು, "ಪಾಪ, ದಿನಾ ಈ ಕಷ್ಟ ನಿಂಗೆ. ಇನ್ಮೇಲೆ ರಜೆ ದಿನ ನಾನೇ ಇಳೀತೀನಿ" ಎಂದೆ. ಅವನ ಮುಖ ಸಪ್ಪಗಾಯಿತು.

"ಪಾತ್ರೆ ತೊಳಿ, ಬಟ್ಟೆ ಮಡಿಸು, ಏನ್ ಬೇಕಾದ್ರೂ ಮಾಡು. ಕಸದ ಗಾಡಿ ಮಾತ್ರ ನಂಗೇ ಇರ್ಲಿ ಮಾರಾಯ್ತಿ. ದಿನವಿಡೀ ಮಗು ಜತೆ ಇರೋ ನಂಗೆ ದೊಡ್ಡವರ ಜತೆ ಮಾತಾಡೋಕೆ ಸಿಗೋದು ಅದೊಂದೇ ಹೊತ್ತು."

ಅವನ ಮೇಲೆ ಹೊರಿಸಿದ್ದೇನೆಂದು ಮೂರು ವರ್ಷದಿಂದ ನಾನು ಕೊರಗುತ್ತಿದ್ದದ್ದು ಇದೇ ಕೆಲಸಕ್ಕೆ! ನಗುನಗುತ್ತಲೇ ಪಾತ್ರೆ ತೊಳೆದೆ.

ಮೂಲಂಗಿಗೆ ಏನು ಮಾಡಬೇಕೆಂದು ಮಾತ್ರ ಅವನು ನನಗೆ ಹೇಳಲಿಲ್ಲ. ನಾಳೆ ತಾನೇ ಇಳಿದು ಹೇಳುತ್ತಾನಂತೆ, ಸೊಂಟ ನೆಟ್ಟಗಾಗದಿದ್ದರೂ.