ಪೆಟ್ಟಿಗೆಯ ಮೇಲಿನ ವಿಳಾಸ

ಜೂನ್ 4, ಮಧ್ಯಾಹ್ನ

ಮತ್ತೆ ಕೆಸರು. ಬೈಕನ್ನು ಮೂರನೇ ಸಲ ತೊಳೆದೆ. ಮಡ್‌ಗಾರ್ಡಿನ ಒಳಗೆ, ಚೈನ್ ಕವರಿನ ಸಂದಿಯಲ್ಲಿ, ಸ್ಟ್ಯಾಂಡಿನ ಸ್ಪ್ರಿಂಗಿನಲ್ಲಿ... ಹಳೆಯ ಟೂತ್‌ಬ್ರಷ್ ಹಿಡಿದು. ಆಚೆ ದಡದ ದೇಶದವರಿಗೆ ಪರದೇಶದ ಮಣ್ಣು ಒಂದು ಚಿಟಿಕೆಯೂ ಬೇಡವಂತೆ. ಕಂಡರೆ ಬೈಕ್ ಇಳಿಸುವುದೇ ಇಲ್ಲವಂತೆ. ಹೀಗೆಂದವನು ಶಿಪ್ಪಿಂಗ್ ಏಜೆಂಟ್. ಅವನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದೇನೆ. ಏನು ಕೇಳಿದರೂ ಒಂದೇ ಉತ್ತರ: "ನಾಳೆ ಆಗತ್ತೆ ಮೇಡಂ."

ಹನ್ನೊಂದು ನಾಳೆಗಳಾದವು.

ಅಕ್ಕ ವಿಮಾನ ಹತ್ತಿ ಊರಿಗೆ ಹೋಗಿ ಹನ್ನೆರಡು ದಿನ. ಹಲ್ಲುನೋವಂತೆ. "ನೀನು ಬೈಕ್ ಹಡಗಿಗೆ ಹತ್ಸು. ನಾನು ಹಲ್ಲು ತೋರಿಸ್ಕೊಂಡು ಸೀದಾ ಆ ಕಡೆ ದಡಕ್ಕೇ ಬರ್ತೀನಿ." ಐದು ತಿಂಗಳು, ಏಳು ದೇಶ, ಒಂದೇ ಬೈಕು. ಸರದಿಯಲ್ಲಿ ಓಡಿಸಿಕೊಂಡು ಬಂದವರು ನಾವು. ನೆಲ ಮುಗಿದು ಸಮುದ್ರ ಎದುರಾದ ಕಡೆ ಅವಳಿಗೆ ಹಲ್ಲುನೋವು! ಬೈಕ್ ಅವಳ ಹೆಸರಿನಲ್ಲಿ. ಬೈಕಿನ ಪಾಸ್‌ಪೋರ್ಟ್ ಎಂದು ಒಂದು ಪುಸ್ತಕವಿದೆ, ಕಾರ್ನೆಟ್ ಎನ್ನುತ್ತಾರೆ, ಅದೂ ಅವಳ ಹೆಸರಿನಲ್ಲಿ. ನನ್ನ ಹೆಸರಿನಲ್ಲಿರುವುದು ಈ ಟೂತ್‌ಬ್ರಷ್ ಒಂದೇ.

ಜೂನ್ 5, ಸಂಜೆ

ಕೊನೆಗೂ ನಾಳೆರಾಯ ಬಾಯಿಬಿಟ್ಟ. "ನಿಮ್ಮಕ್ಕನವರ ಪತ್ರ ಇದೆ ನನ್ನ ಹತ್ರ. ಬಡಗಿಗೆ ಹೇಳಿದೀನಿ, ಪೆಟ್ಟಿಗೆ ಮಾಡ್ತಿದಾನೆ. ನೀವು ಬೈಕ್ ಬಿಚ್ಚಿ."

ಬಿಚ್ಚಿದೆ. ಪೆಟ್ರೋಲ್ ಖಾಲಿ ಮಾಡಿದೆ. ಬ್ಯಾಟರಿಯ ವೈರ್ ಕಳಚಿ ತುದಿಗಳಿಗೆ ಟೇಪ್ ಸುತ್ತಿದೆ. ಕನ್ನಡಿಗಳು, ಹ್ಯಾಂಡಲ್, ಮುಂದಿನ ಚಕ್ರ... ಒಂದೊಂದಾಗಿ ತೆಗೆದೆ. ಪೆಟ್ಟಿಗೆ ಗಿಡ್ಡ ಆದಷ್ಟೂ ಒಳ್ಳೆಯದಂತೆ. ಚಕ್ರವಿಲ್ಲದ ಬೈಕು ಮೊಣಕಾಲೂರಿದ ದನದ ಹಾಗೆ ಕಂಡಿತು. ನೋಡಲಾಗದೆ ಗೋಣಿತಟ್ಟು ಹೊದಿಸಿದೆ.

ಇವತ್ತು ಯಾರನ್ನೂ ಬೈದಿಲ್ಲ. ದಾಖಲೆ.

ಜೂನ್ 7, ಬೆಳಿಗ್ಗೆ 11

ನಾಳೆರಾಯನ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಗೋದಾಮಿಗೆ ಹೋದೆ. ಪೆಟ್ಟಿಗೆ ಚೆನ್ನಾಗಿ ಬಂದಿದೆ. ಹೊಸ ಮರದ ವಾಸನೆ. ಬಡಗಿ ಕುಕ್ಕರಗಾಲಲ್ಲಿ ಕೂತು ಹಲಗೆಯ ಮೇಲೆ ವಿಳಾಸ ಬರೆಯುತ್ತಿದ್ದ. ಓದಿದೆ. ಇನ್ನೊಮ್ಮೆ ಓದಿದೆ.

"ಅಣ್ಣ, ವಿಳಾಸ ತಪ್ಪು."

"ಚೀಟಿ ನೋಡ್ಕೊಂಡೇ ಬರೆದಿದ್ದು ಅಮ್ಮ. ನನಗೆ ಓದು ಅಷ್ಟಕ್ಕಷ್ಟೆ. ಆದ್ರೆ ನಕಲು ಮಾಡೋದ್ರಲ್ಲಿ ತಪ್ಪೋನಲ್ಲ."

ತಪ್ಪಿರಲಿಲ್ಲ. ಚೀಟಿಯಲ್ಲೂ ಅದೇ. ನಾವು ಹೊರಟುಬಂದ ಊರಿನ ಬಂದರು. ಅಕ್ಕನ ಮನೆಯಿಂದ ಅರ್ಧ ಗಂಟೆಯ ದಾರಿ.

ನಾಳೆರಾಯನ ಕಚೇರಿಗೆ ಓಡಿದೆ. ಅವನು ಕಂಪ್ಯೂಟರಿನ ಮುಖ ನನ್ನ ಕಡೆ ತಿರುಗಿಸಿದ. ಅಕ್ಕನ ಮೇಲ್. "ವಾಹನವನ್ನು ಹೊರಟ ಊರಿಗೇ ವಾಪಸು ಕಳುಹಿಸಿ. ತಂಗಿಗೆ ನಾನೇ ತಿಳಿಸುತ್ತೇನೆ." ತಾರೀಖು ನೋಡಿದೆ. ಅವಳು ವಿಮಾನ ಹತ್ತುವ ಹಿಂದಿನ ದಿನ. ಅಂದರೆ ಲಾಡ್ಜಿನಲ್ಲಿ, ನನ್ನ ಪಕ್ಕದ ಮಂಚದಲ್ಲಿ ಕೂತು, ಲವಂಗ ತಂದುಕೊಡು ಎಂದು ನನ್ನನ್ನು ಅಂಗಡಿಗೆ ಅಟ್ಟಿ — ಇದನ್ನು ಬರೆದಿದ್ದಾಳೆ. ನಾನು ನಾಲ್ಕು ಬೀದಿ ಸುತ್ತಿ ಲವಂಗ ತಂದಿದ್ದೆ.

"ಓನರ್ ಏನು ಹೇಳ್ತಾರೋ ಅದೇ ಮೇಡಂ. ನೀವು ಬರೀ ಜೊತೆಗಾರರು."

ಬರೀ.

ಜೂನ್ 7, ಸಂಜೆ

ಹದಿನಾಲ್ಕು ಸಲ ಫೋನ್ ಮಾಡಿದೆ. ಹದಿನೈದನೆಯದಕ್ಕೆ ಭಾವ ಎತ್ತಿದರು.

"ಮಲಗಿದಾಳಮ್ಮ."

"ಸಂಜೆ ಐದಕ್ಕಾ?"

"ಹಲ್ಲುನೋವು ನೋಡು..."

"ಯಾವ ಹಲ್ಲು ಭಾವ? ಮೇಲಿಂದಾ ಕೆಳಗಿಂದಾ?"

"...ಮಧ್ಯದ್ದು."

ಹತ್ತೊಂಬತ್ತು ವರ್ಷದಿಂದ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದೇನೆ. ಮೇಲೂ ಅಲ್ಲದ ಕೆಳಗೂ ಅಲ್ಲದ ಹಲ್ಲನ್ನು ಇನ್ನೂ ಕಂಡಿಲ್ಲ. ಪಾಪದ ಮನುಷ್ಯ. ಸುಳ್ಳು ಹೇಳಲು ಬಾರದವರ ಕೈಗೆ ಫೋನ್ ಕೊಟ್ಟು ಅಡಗಿ ಕೂತಿದ್ದಾಳೆ. ಇಪ್ಪತ್ತಾರು ವರ್ಷ ಆಂಬುಲೆನ್ಸ್ ಓಡಿಸಿದವಳು! ಹೆದರಿಕೆ ಎಂದರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದವಳು!

ಜೂನ್ 8

ಬಡಗಿಗೆ ಹೇಳಿ ವಿಳಾಸದ ಮೇಲೆ ಕಪ್ಪು ಬಳಿಸಿದೆ. ನಾಳೆರಾಯ ಕೂಗಾಡಿದ. ನಾನೂ ಕೂಗಾಡಿದೆ. ನನ್ನದೇ ದೊಡ್ಡ ಗಂಟಲು.

ಜೂನ್ 12, ಬೆಳಿಗ್ಗೆ

ಅಕ್ಕನೇ ಫೋನ್ ಮಾಡಿದಳು.

"ಎಡಗಣ್ಣು ಹೋಯ್ತು ಕಣೆ."

"ಹೋಯ್ತು ಅಂದ್ರೆ?"

"ಮಂಜು ಮಂಜು. ಪಕ್ಕದಲ್ಲಿ ಏನು ಬಂದ್ರೂ ಕಾಣಲ್ಲ. ಎರಡು ತಿಂಗಳಾಯ್ತು. ಡಾಕ್ಟ್ರು ಹೇಳ್ತಾರೆ, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳಿ ಅಂತ. ಇನ್ನು ಗಾಡಿ ಮುಟ್ಟಬಾರದಂತೆ."

ಲೆಕ್ಕ ಹಾಕಿದೆ. ಎರಡು ತಿಂಗಳು! ಕಣಿವೆಯ ಆ ತಿರುವು ಬಂದದ್ದು ಅದಾದ ಮೇಲೆ. ಎಡಗಡೆಯಿಂದ ಬಂದ ಲಾರಿ ನನ್ನ ಮೊಣಕಾಲು ಸವರಿಕೊಂಡು ಹೋಗಿತ್ತು. ಓಡಿಸುತ್ತಿದ್ದವಳು ಅವಳು, ಹಿಂದೆ ಕೂತವಳು ನಾನು. ಮುಂದಿನ ಚಹಾದಂಗಡಿಯಲ್ಲಿ ಆ ಡ್ರೈವರನನ್ನು ಹಿಡಿದು ಹೀನಾಮಾನ ಬೈದಿದ್ದೆ. ವಯಸ್ಸಾದವನು, ತಲೆ ತಗ್ಗಿಸಿ ನಿಂತಿದ್ದ. ಅಕ್ಕ ನನ್ನ ಪಕ್ಕದಲ್ಲೇ ನಿಂತು ಗ್ಲೌಸ್ ಒರೆಸಿಕೊಳ್ಳುತ್ತಿದ್ದಳು.

"ನಿನ್ನ ಕಣ್ಣು ನೀನು ನೋಡ್ಕೋ. ಬೈಕ್ ಯಾಕೆ ವಾಪಸ್?"

"ಒಬ್ಬಳೇ ಹೋಗೋದು ಅಪಾಯ."

"ನಿಜ ಹೇಳು."

"ನಿಜಾನೇ."

"ಅಕ್ಕ, ನಿಜ ಹೇಳು."

ಫೋನಿನಲ್ಲಿ ಅವಳ ಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

"ನಾನಿಲ್ದೆ ನೀನು ಅದನ್ನ ಓಡಿಸ್ಕೊಂಡು ಹೋಗೋದು ನನಗೆ ತಡ್ಕೊಳ್ಳೋಕೆ ಆಗಲ್ಲ. ಹೊಟ್ಟೆಕಿಚ್ಚು. ಸಾಕಾ?"

ಫೋನ್ ಇಟ್ಟುಬಿಟ್ಟೆ.

ಜೂನ್ 13

ಪಾಪ ಅನಿಸುತ್ತದೆ. ಅನಿಸಿದ ಬೆನ್ನಿಗೇ ಸಿಟ್ಟು ಉಕ್ಕುತ್ತದೆ — ಪಾಪ ಅನ್ನಿಸಿಕೊಂಡು ಗೆಲ್ಲುವ ಆಟ ಇದು ಎಂದು. ಆಮೇಲೆ ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು. ಕೋಣೆಯಲ್ಲಿ ಮಂಚದಿಂದ ಕಿಟಕಿಗೆ ಆರು ಹೆಜ್ಜೆ. ಎಷ್ಟು ಸಲ ನಡೆದೆನೋ. ಕೆಳಗಿನ ಕೋಣೆಯವನು ಸೂರು ತಟ್ಟಿದ. ನಾನೂ ತುಳಿದೆ.

ಮೆಸೇಜ್ ಕಳಿಸಿದೆ: "ಬಾ. ನನ್ನ ಮುಖ ನೋಡಿ ಎಲ್ಲಿಗೆ ಅಂತ ಹೇಳಿ ಸಹಿ ಹಾಕು. ಎಲ್ಲಿಗಾದರೂ ಸರಿ."

ಫೋನನ್ನು ದಿಂಬಿನ ಕೆಳಗಿಟ್ಟೆ.

ಜೂನ್ 19, ಮಧ್ಯಾಹ್ನ

ಬಾಗಿಲು ತೆಗೆದರೆ ಅಕ್ಕ. ಕಪ್ಪು ಕನ್ನಡಕ, ಹೆಗಲಿಗೆ ಒಂದೇ ಚೀಲ. ಇಳಿದುಹೋಗಿದ್ದಾಳೆ.

"ಊಟ ಆಯ್ತಾ?" ಎಂದಳು. ಇಷ್ಟೆಲ್ಲ ಆದ ಮೇಲೆ ಊಟ ಆಯ್ತಾ!

ಚೀಲ ಮಾತ್ರ ಈಸಿಕೊಂಡೆ.

ಜೂನ್ 20, ಸಂಜೆ

ಬೆಳಿಗ್ಗೆ ಗೋದಾಮು. ಬೈಕನ್ನು ಪೆಟ್ಟಿಗೆಯ ತಳಕ್ಕೆ ಬಿಗಿದಿದ್ದೆ. ಅಕ್ಕ ಪಟ್ಟಿಗಳನ್ನು ಕೈಯಿಂದ ಸವರಿ ನೋಡಿದಳು. "ಹಿಂದಿಂದು ಸಡಿಲ. ಮೊದಲನೇ ಅಲೆಗೇ ಮಲಗತ್ತೆ" ಎಂದು ಬಿಚ್ಚಿ ತಾನೇ ಬಿಗಿದಳು. ನಾನು ಬಿಗಿದದ್ದೇ ಸರಿಯಿತ್ತು ಎಂದು ಜಗಳ ತೆಗೆದೆ. ಸರಿಯಿರಲಿಲ್ಲ. ಬಡಗಿ ಸುತ್ತಿಗೆ ಹಿಡಿದು ಇಬ್ಬರನ್ನೂ ನೋಡುತ್ತ ನಿಂತಿದ್ದ.

ಕಸ್ಟಮ್ಸ್ ಅಧಿಕಾರಿ ಚಾಸಿ ನಂಬರ್ ನೋಡಿ, ಕಾರ್ನೆಟ್ ತಿರುವಿ ಹಾಕಿ ಕೇಳಿದ, "ಓನರ್ ಯಾರು? ಎಲ್ಲಿಗೆ?"

ಅಕ್ಕ ಪೆಟ್ಟಿಗೆಯ ಹಲಗೆ ಸವರಿದಳು.

"ಅಮ್ಮ, ಎಲ್ಲಿಗೆ ಅಂತ ಹೇಳಿ. ಹಿಂದೆ ಸಾಲು ನಿಂತಿದೆ."

ನಾನು ನೆಲ ನೋಡುತ್ತಿದ್ದೆ. ವಾಪಸು ಎಂದರೆ ಅಲ್ಲೇ ಕಿರುಚುವುದೋ, ತಿರುಗಿ ನಡೆದುಬಿಡುವುದೋ... ಎರಡಕ್ಕೂ ಸಿದ್ಧಳಾಗಿದ್ದೆ. ಅಕ್ಕ ಕನ್ನಡಕ ತೆಗೆದಳು. ಮುಖ ಪೂರ್ತಿ ಎಡಕ್ಕೆ ತಿರುಗಿಸಿ ನನ್ನನ್ನು ಹುಡುಕಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

"ಆ ಕಡೆ ದಡಕ್ಕೆ," ಎಂದಳು. "ಇಳಿಸ್ಕೊಳ್ಳೋಳು ನನ್ನ ತಂಗಿ. ಮುಂದೆ ಓಡಿಸೋಳೂ ಅವಳೇ. ಹಾಗಂತಲೇ ಬರ್ಕೊಳ್ಳಿ."

ಸಹಿ ಹಾಕಬೇಕಾದ ಗೆರೆ ಅವಳಿಗೆ ಸಿಗಲಿಲ್ಲ. ಪೆನ್ನು ಕಾಗದದ ಮೇಲೆ ತಡಕಾಡಿತು. ಅಧಿಕಾರಿ ಉಸ್ಸೆಂದ. ನಾನು ಬೆರಳಿಟ್ಟು ತೋರಿಸಿದೆ. ನನ್ನ ಉಗುರಿಗೆ ತಾಗಿಸಿಕೊಂಡೇ ಸಹಿ ಮಾಡಿದಳು.

ಹೊರಗೆ ಬಂದ ಮೇಲೆ ನಾನೇ ಶುರುಮಾಡಿದೆ:

"ಥ್ಯಾಂಕ್ಸ್ ಹೇಳಲ್ಲ."

"ಹೇಳು ಅಂದ್ನಾ?"

"ಅಷ್ಟು ದಿನ ನನ್ನನ್ನ ಹಿಂದೆ ಕೂರಿಸ್ಕೊಂಡು ಒಂದೇ ಕಣ್ಣಲ್ಲಿ ಓಡಿಸಿದೀಯ. ಸತ್ತಿದ್ರೆ?"

"ಹೇಳಿದ್ರೆ ನೀನು ಕೀ ಕಿತ್ಕೊಳ್ತಿದ್ದೆ."

"ಕಿತ್ಕೊಳ್ತಿದ್ದೆ!"

"ಅದಕ್ಕೇ ಹೇಳಲಿಲ್ಲ."

ರಸ್ತೆ ದಾಟುವಾಗ ಅವಳ ಎಡಗಡೆಗೆ ಹೋಗಿ ನಿಂತೆ. ಕ್ಷಮಿಸಿದ್ದೇನೆ ಎಂದು ತಿಳಿದುಕೊಳ್ಳದಿರಲಿ. ಕ್ಷಮಿಸಿಲ್ಲ. ಬಸ್ಸುಗಳು ಆ ಕಡೆಯಿಂದಲೇ ಬರುತ್ತಿದ್ದವು, ಅಷ್ಟೆ.

ಜೂನ್ 21

ಪೆಟ್ಟಿಗೆ ಹಡಗು ಹತ್ತಿತು. ಅಕ್ಕ ವಿಮಾನ ಹತ್ತಿದಳು. ನಾಳೆರಾಯ ಮೊದಲ ಬಾರಿಗೆ "ಇವತ್ತು" ಎಂದ.

ಜುಲೈ 29, ಬೆಳಿಗ್ಗೆ 10

ಆಚೆ ದಡ. ಈಗ ಇದೇ ಈಚೆ. ಬಂದರಿನ ಶೆಡ್ಡು. ಪೆಟ್ಟಿಗೆ ಒಡೆದು ಎರಡು ಗಂಟೆಯಾಯಿತು. ಬೈಕ್ ಮಲಗಿರಲಿಲ್ಲ. ಮಣ್ಣು ಹುಡುಕುವ ಅಧಿಕಾರಿ ಟಾರ್ಚ್ ಹಾಕಿ ಹುಡುಕಿ ಹುಡುಕಿ ಸೋತ. ಚಕ್ರ, ಹ್ಯಾಂಡಲ್, ಕನ್ನಡಿ ಎಲ್ಲ ಜೋಡಿಸಿದೆ. ಬ್ಯಾಟರಿ ಕೂಡಿಸಿದೆ. ಎರಡು ಲೀಟರ್ ಪೆಟ್ರೋಲ್ ಸುರಿದೆ.

ಸ್ಟಾರ್ಟ್ ಆಗಲಿಲ್ಲ. ಹತ್ತು ಸಲ. ಬಾಯಿಗೆ ಬಂದದ್ದೆಲ್ಲ ಬೈದೆ, ಬೈಕನ್ನು, ಹಡಗನ್ನು, ಅಕ್ಕನನ್ನು. ಶೆಡ್ಡಿನವರಿಗೆ ಭಾಷೆ ತಿಳಿಯದಿದ್ದರೂ ಅರ್ಥವಾಯಿತು, ದೂರ ಸರಿದರು. ತಿಂಗಳಾಗಿತ್ತು ಅಕ್ಕನ ಜೊತೆ ಮಾತಾಡಿ. ಫೋನ್ ಮಾಡಿದೆ.

"ಸ್ಟಾರ್ಟ್ ಆಗ್ತಿಲ್ಲ."

"ಹ್ಯಾಂಡಲ್ ಬಿಚ್ಚಿದ್ಯಲ್ಲ, ಕಿಲ್ ಸ್ವಿಚ್ ನೋಡು."

ನೋಡಿದೆ. ಇಂಜಿನ್ ಆರಿಸುವ ಕೆಂಪು ಗುಂಡಿ ಆಫ್‌ನಲ್ಲಿತ್ತು. ಸಾವಿರಾರು ಮೈಲಿ ದೂರದಲ್ಲಿ, ಒಂದೇ ಕಣ್ಣಲ್ಲಿ ಕಂಡಿತು ಅವಳಿಗೆ. ಎಷ್ಟು ಸಿಟ್ಟು ಬಂತೆಂದರೆ ಅದನ್ನು ಆನ್ ಕಡೆಗೆ ಗುದ್ದಿ ಸ್ಟಾರ್ಟರ್ ಒತ್ತಿದೆ. ಇಂಜಿನ್ ಗುಡುಗಿತು. ಇಂಜಿನ್ ಬಿಸಿಯಾಗುವ ತನಕ ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ, "ಹೋಗು" ಎಂದಳು. "ಹೋಗು, ಹಾಳಾದವಳೇ."

ಹೆಲ್ಮೆಟ್ ಹಾಕಿಕೊಂಡೇ ಡೈರಿಯನ್ನು ಟ್ಯಾಂಕಿನ ಮೇಲಿಟ್ಟು ಬರೆಯುತ್ತಿದ್ದೇನೆ. ಗೇಟಿನವನು ಕೈ ಬೀಸುತ್ತಿದ್ದಾನೆ. ಬಂದೆ ಮಾರಾಯ, ಬಂದೆ. ಅಯ್ಯೋ — ಈ ದೇಶದಲ್ಲಿ ರಸ್ತೆಯ ಯಾವ ಬದಿಯಲ್ಲಿ ಓಡಿಸಬೇ—