ಮನೆಗೆ ಕೊಡದ ನಿಘಂಟನ್ನು ರದ್ದಿಗೆ ಕೊಡುವವರಿಗೆ

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ಮೊದಲು ನನ್ನ ಅಪರಾಧ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಮಂಗಳವಾರ, ನಿಮ್ಮ ಸಿಬ್ಬಂದಿ ಊಟದ ಡಬ್ಬಿ ಬಿಚ್ಚಿದ್ದ ಹೊತ್ತಿನಲ್ಲಿ, ಬದುಕಿಡೀ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ, ಒಂದು ಸೀಮೆಸುಣ್ಣವನ್ನೂ ಮನೆಗೆ ಒಯ್ಯದ ನಾನು, ಸರ್ಕಾರಿ ಆಸ್ತಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. ಗಾಬರಿ ಬೇಡ. ಕಟ್ಟಡದಿಂದ ಹೊರಕ್ಕಲ್ಲ, ರದ್ದಿ ರಾಶಿಯಿಂದ ಇನ್ನೊಂದು ಕಪಾಟಿಗೆ. ನಿಮ್ಮ ಹಳೆಯ ಇಂಗ್ಲಿಷ್ ನಿಘಂಟು ಈಗ ತೆರಿಗೆ ಕಾಯಿದೆಗಳ ಹಿಂದೆ ತಲೆಮರೆಸಿಕೊಂಡಿದೆ. ಕಾಯಿದೆಯ ಹಿಂದೆ ಅಡಗಿ ಕೂರುವ ವಿದ್ಯೆಯನ್ನು ದೊಡ್ಡವರನ್ನು ನೋಡಿಯೇ ಕಲಿತದ್ದು.

ಶನಿವಾರ ರದ್ದಿಯವನ ಗಾಡಿ ಬರುತ್ತದೆಂದು ತಿಳಿಯಿತು. ನಿಘಂಟು ಮಾಡಿದ ತಪ್ಪೇನು ಎಂದು ಕೌಂಟರಿನಲ್ಲಿರುವ ನಿಮ್ಮ ಸಹಾಯಕಿಯನ್ನು ಕೇಳಿದೆ.

“ಹತ್ತು ವರ್ಷದಿಂದ ಒಬ್ರೂ ಮನೆಗೆ ತಗೊಂಡು ಹೋಗಿಲ್ಲ ಸಾರ್. ಅಂಥ ಪುಸ್ತಕ ಎಲ್ಲಾ ತೆಗೀಬೇಕು ಅಂತ ಆರ್ಡರ್ ಆಗಿದೆ.”

“ಅಲ್ಲಮ್ಮ, ಅದರ ಮೊದಲನೇ ಪುಟದಲ್ಲೇ ‘ಮನೆಗೆ ಕೊಡುವುದಿಲ್ಲ’ ಅಂತ ಮೊಹರು ಹೊಡೆದಿದ್ದೀರಲ್ಲ!”

“ಹೂಂ ಸಾರ್. ಅದಕ್ಕೇ ಯಾರೂ ತಗೊಂಡು ಹೋಗಿಲ್ಲ.”

ಮಾನ್ಯರೇ, ಈ ತರ್ಕದ ಮುಂದೆ ತಲೆಬಾಗಿದ್ದೇನೆ. ಬಾಗಿಲಿಗೆ ಬೀಗ ಹಾಕಿ, ಒಬ್ಬರೂ ಒಳಗೆ ಬರಲಿಲ್ಲವೆಂದು ಮನೆ ಕೆಡವುವುದು ಇದೇ ತಾನೆ? ಅದರ ಜಾಗಕ್ಕೆ ತೆಳ್ಳನೆಯ ಹೊಸ ನಿಘಂಟು ಬಂದಿದೆಯಂತೆ. ‘ಬಳಕೆ ತಪ್ಪಿದ ಪದಗಳನ್ನು ಕೈಬಿಡಲಾಗಿದೆ’ ಎಂದು ಅದರ ಬೆನ್ನುಡಿ ಬೆನ್ನು ತಟ್ಟಿಕೊಳ್ಳುತ್ತದೆ. ಬಳಕೆ ತಪ್ಪಿದವರನ್ನೆಲ್ಲ ಕೈಬಿಡುವುದಾದರೆ ನಿಮ್ಮ ಓದುಕೋಣೆಯಲ್ಲಿ ಬೆಳಗ್ಗೆ ಹತ್ತಕ್ಕೆ ಕೂರುವವರಲ್ಲಿ ಯಾರು ಉಳಿಯುತ್ತಾರೆ, ಹೇಳಿ?

ಆ ಹಳೆಯ ನಿಘಂಟಿನಲ್ಲಿ ಏನಿದೆ ಎಂದು ತಿಳಿಯದೆ ತೂಕಕ್ಕೆ ಹಾಕುತ್ತಿದ್ದೀರಿ. ಅದನ್ನು ನನ್ನಷ್ಟು ಬಲ್ಲವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ‘ಓವರ್‌ಮಾರೋ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅರ್ಥ, ನಾಡಿದ್ದು. ಜಗತ್ತನ್ನೇ ಆಳಿದ ಭಾಷೆ ತನ್ನ ನಾಡಿದ್ದನ್ನು ಕಳೆದುಕೊಂಡು, ‘ನಾಳೆಯ ನಂತರದ ದಿನ’ ಎಂದು ಏದುಸಿರು ಬಿಡುತ್ತಿದೆ. ನಾವು ನಾಡಿದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಇಲ್ಲದಿದ್ದರೆ ನಿಮ್ಮಂಥ ಕಚೇರಿಗಳು ಯಾವುದರ ಮೇಲೆ ನಿಲ್ಲುತ್ತಿದ್ದವು? ಇನ್ನು ‘ಆಪ್ರಿಸಿಟಿ’. ಚಳಿಗಾಲದಲ್ಲಿ ಬೆನ್ನಿಗೆ ತಾಗುವ ಬಿಸಿಲಿನ ಹಿತ. ಆ ಬಿಸಿಲು ಈಗಲೂ ಬರುತ್ತದೆ, ಹೆಸರನ್ನು ಮಾತ್ರ ಕಿತ್ತುಕೊಂಡಿದ್ದಾರೆ.

ಈ ಪದಗಳು ನನ್ನ ಮನೆಯಲ್ಲಿ ಬಳಕೆ ತಪ್ಪಿರಲಿಲ್ಲ. ನನ್ನ ಹೆಂಡತಿ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. (ಶಾಸ್ತ್ರ ಅವಳದು, ರಸ ನನ್ನದು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ.) ಪ್ರತಿ ಭಾನುವಾರ ಇಬ್ಬರೂ ನಿಮ್ಮಲ್ಲಿಗೆ ಬರುತ್ತಿದ್ದೆವು. ಪುಸ್ತಕ ಮನೆಗೆ ಕೊಡುವುದಿಲ್ಲವಲ್ಲ, ಒಂದೇ ಒಂದು ಪದವನ್ನು ಬಾಯಲ್ಲಿಟ್ಟುಕೊಂಡು ಹೋಗುತ್ತಿದ್ದೆವು. ವಾರವಿಡೀ ಅದನ್ನು ಬಳಸಬೇಕು, ಅದು ನಮ್ಮ ಮನೆಯ ಕಟ್ಟಳೆ. ಇನ್ನೊಬ್ಬರು ತಿನ್ನುವುದನ್ನೇ ಆಸೆಗಣ್ಣಿನಿಂದ ನೋಡುತ್ತ ನಿಲ್ಲುವುದಕ್ಕೆ ‘ಗ್ರೋಕ್’ ಎನ್ನುತ್ತಾರೆ. ತಿಂಡಿಯ ವೇಳೆಗೆ ಸರಿಯಾಗಿ ಮಹಡಿ ಮನೆಯ ಮಹಾಶಯರು ಪೇಪರ್ ಕೇಳಲು ಬಂದರೆ, ಅವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ರೀ, ಗ್ರೋಕ್ ಶುರುವಾಯ್ತು, ಇನ್ನೊಂದು ತಟ್ಟೆ ಇಡಿ!” ಅದೇನೋ ತಮಗೆ ಸಲ್ಲುವ ಇಂಗ್ಲಿಷ್ ಮರ್ಯಾದೆ ಎಂದುಕೊಂಡು ಅವರು ಥ್ಯಾಂಕ್ಸ್ ಹೇಳಿ ಕೂರುತ್ತಿದ್ದರು.

ಹೀಗೆ ಇಬ್ಬರೇ ಆಡುವ ಭಾಷೆಯೊಂದು ಬೆಳೆಯಿತು. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಒಬ್ಬನೇ ಆಡಿದರೆ ಅದು ಭಾಷೆಯಲ್ಲ, ಬಡಬಡಿಕೆ. ಟೈಲರ್ ಅಂಗಡಿಯಲ್ಲಿ ಬಾಯಿತಪ್ಪಿ, “ಓವರ್‌ಮಾರೋ ಬರ್ತೀನಿ” ಎಂದೆ. “ಯಾವೂರು ಸಾರ್ ಅದು? ಬಸ್ ಇದ್ಯಾ?” ಎಂದು ಅವನು ಕೇಳಿದ. ಸಂಜೆ ನಾದಿನಿ ಫೋನ್ ಮಾಡುತ್ತಾಳೆ: “ಭಾವ, ಮಾತ್ರೆ ತಗೊಂಡ್ರಾ? ಊಟ ಆಯ್ತಾ? ಸರಿ, ಇಡ್ತೀನಿ.” ಒಳ್ಳೆಯ ಹುಡುಗಿ. ಆದರೆ ಆ ಮೂರು ಮಾತಿಗೆ ನಿಮ್ಮ ತೆಳ್ಳನೆಯ ನಿಘಂಟೂ ಹೆಚ್ಚಾಯಿತು. ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತರೆ ಬೆನ್ನು ಬೆಚ್ಚಗಾಗುತ್ತದೆ. ಆದರೆ ಅದನ್ನು ಯಾರಿಗೆ ಹೇಳಲಿ, ಯಾವ ಪದದಲ್ಲಿ ಹೇಳಲಿ?

ಈಗ, ಮಾನ್ಯರೇ, ನಾಚಿಕೆ ಬಿಟ್ಟು ಒಂದು ಮಾತು. ಮೇಲೆ ಎದೆ ತಟ್ಟಿಕೊಂಡೆನಲ್ಲ, ಆ ಎದೆಯ ಮಾಲೀಕ ಮಂಗಳವಾರದವರೆಗೆ ಆ ನಿಘಂಟನ್ನು ಒಮ್ಮೆಯೂ ತೆರೆದಿರಲಿಲ್ಲ. ಓದುತ್ತಿದ್ದವಳು ಅವಳು. ನಾನು ಎದುರಿನ ಕುರ್ಚಿಯಲ್ಲಿ ಪೇಪರ್ ಮರೆಯಲ್ಲಿ ನಿದ್ದೆ ಹೊಡೆದು, ಮೆಟ್ಟಿಲಿಳಿಯುವಾಗ ಅವಳು ಹೇಳಿದ ಪದವನ್ನೂ ಅರ್ಥವನ್ನೂ ಕಣ್ಣುಮುಚ್ಚಿ ನಂಬುತ್ತಿದ್ದೆ. ಅವಳು ನನ್ನನ್ನು ಪ್ರೀತಿಯಿಂದ ‘ಸ್ಲಬರ್‌ಡಿಗಲಿಯನ್’ ಎಂದು ಕರೆಯುತ್ತಿದ್ದಳು. ವಿದ್ಯೆಯಲ್ಲಿ ಮುಳುಗಿ ಲೋಕ ಮರೆತ ಪಂಡಿತ ಎಂದು ಅರ್ಥವಂತೆ. ಆಹಾ, ಬೆಟಾಲಿಯನ್‌ನಂತೆ ಗತ್ತಿನ ಪದ! ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕ್ ಹಿಡಿದು, “ನಾನೊಬ್ಬ ಸಾಮಾನ್ಯ ಸ್ಲಬರ್‌ಡಿಗಲಿಯನ್” ಎಂದು ವಿನಯದಿಂದ ಘೋಷಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಅವಳು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆನಂದಬಾಷ್ಪ ಎಂದುಕೊಂಡೆ.

ಮಂಗಳವಾರ ಬಚ್ಚಿಡುವ ಮುನ್ನ ಆ ಪುಟ ತೆಗೆದೆ. ‘ಕೊಳಕ, ಯಾವ ಕೆಲಸಕ್ಕೂ ಬಾರದವನು’ ಎಂದಿತ್ತು. ಕಪಾಟುಗಳ ನಡುವೆ ನಿಂತು ಬಿದ್ದು ಬಿದ್ದು ನಕ್ಕೆ. “ಏನೇ ಇದು, ಇಷ್ಟು ವರ್ಷ!” ಎಂದು ಜಗಳಕ್ಕೆ ಪಕ್ಕಕ್ಕೆ ತಿರುಗಿದೆ. ಆಚೆಯಿಂದ ನಿಮ್ಮ ಸಹಾಯಕಿ ಕೇಳಿದಳು: “ಯಾರ ಹತ್ರ ಸಾರ್ ಮಾತಾಡ್ತಿದ್ದೀರಾ?”

“ಯಾರೂ ಇಲ್ಲಮ್ಮ” ಎಂದೆ.

ಆದ್ದರಿಂದ ನನ್ನ ಆಗ್ರಹವಿಷ್ಟು: ಶನಿವಾರದ ಗಾಡಿಗೆ ಆ ನಿಘಂಟನ್ನು ಹಾಕಬೇಡಿ. ಅವಳು ನನಗೆ ಇನ್ನೆಷ್ಟು ಟೋಪಿ ಹಾಕಿದ್ದಾಳೋ, ಒಂದೊಂದಾಗಿ ನೋಡಬೇಕು. ಮೊದಲ ಪುಟದಿಂದ ಶುರುಮಾಡುತ್ತೇನೆ. ಮನೆಗೆ ಕೊಡಬೇಡಿ, ಪರವಾಗಿಲ್ಲ. ಮನೆಯಲ್ಲಿ ನಕ್ಕರೆ ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಕೇಳುವವರೂ ಇಲ್ಲ.

ಇಂತಿ,
ನಿಘಂಟೇ ದೃಢೀಕರಿಸಿದಂತೆ,
ತಮ್ಮ ಓದುಕೋಣೆಯ ಸ್ಲಬರ್‌ಡಿಗಲಿಯನ್